ಮೊಟ್ಟೆಯಾಗದ ಮನೆ

ಆ ಊರಿನಲ್ಲಿ ದಿನ ಆಗುತ್ತಿದ್ದುದು ಸೂರ್ಯನಿಂದಲ್ಲ, ಕೋಳಿಯಿಂದ. ಸೂರ್ಯ ಹುಟ್ಟುತ್ತಿದ್ದ, ಮುಳುಗುತ್ತಿದ್ದ. ಅದು ಅವನ ಪಾಡು. ಅದನ್ನು ಯಾರೂ ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಹಿತ್ತಲಿನ ಕೋಳಿ ಮೊಟ್ಟೆ ಇಟ್ಟರೆ ಆ ಮನೆಗೆ ದಿನ ಆಯಿತು, ಇಡದಿದ್ದರೆ ಆಗಲಿಲ್ಲ. ಇಷ್ಟೇ ಅಲ್ಲಿನ ಕಟ್ಟಳೆ. ಇದನ್ನು ಯಾರು ಮಾಡಿದರು, ಯಾಕೆ ಮಾಡಿದರು ಎಂದು ಕೇಳಿದರೆ ಆ ಊರಿನವರು ನಿಮ್ಮನ್ನೇ ಒಂದು ಥರ ನೋಡುತ್ತಾರೆ. ನಿಮ್ಮೂರಲ್ಲಿ ಮತ್ತೆ ಹೇಗಪ್ಪ ಆಗುತ್ತದೆ ಎಂದು ನಿಜವಾದ ಕುತೂಹಲದಿಂದ ಕೇಳುತ್ತಾರೆ.

ಗೂಡಿಗೆ ಕೈ ಹಾಕುವ ಹಕ್ಕು ಮನೆಯ ಹಿರಿಯ ಹೆಂಗಸಿಗೆ ಮಾತ್ರ. ಬೆಳಿಗ್ಗೆ ಅವಳು ಕೈ ಹಾಕುತ್ತಾಳೆ, ಬೆಚ್ಚಗಿನ ಮೊಟ್ಟೆ ತೆಗೆಯುತ್ತಾಳೆ, ನಡುಮನೆ ದಾಟಿ ಬಂದು ಹೊಸ್ತಿಲ ಮೇಲೆ ಇಡುತ್ತಾಳೆ. ಬೀದಿಗೆ ಮುಖ ಮಾಡಿ ನಿಂತು "ದಿನ ಆಯಿತು" ಅನ್ನುತ್ತಾಳೆ. ಕೇಳಿಸಿಕೊಂಡವರು ಅವರವರ ಮನೆಯಿಂದಲೇ "ಆಗಲಿ" ಅನ್ನುತ್ತಾರೆ. ಅಷ್ಟಾಗುವವರೆಗೆ ಅವಳು ಹಿಂದಕ್ಕೆ ತಿರುಗುವ ಹಾಗಿಲ್ಲ. ಆಮೇಲೆಯೇ ಆ ಮನೆಯಲ್ಲಿ ಕಸ ಗುಡಿಸುವುದು, ನಿನ್ನೆಯ ನೀರು ಚೆಲ್ಲುವುದು, ಹೊಸ ಸಾರಿಗೆ ಒಗ್ಗರಣೆ ಹಾಕುವುದು.

ಹೀಗಾಗಿ ಒಂದೇ ಬೀದಿಯಲ್ಲಿ ಒಂದು ಮನೆ ಮುಂದೆ, ಒಂದು ಮನೆ ಹಿಂದೆ. ಇವರ ಮನೆಯಲ್ಲಿ ಹಬ್ಬ ಮುಗಿದು ಹೋಳಿಗೆ ಹಳಸಿದ್ದರೆ ಪಕ್ಕದವರು ಇನ್ನೂ ಬೇಳೆ ನೆನೆಹಾಕುತ್ತಿರುತ್ತಾರೆ. ಯಾರ ಹೊಸ್ತಿಲು ದಾಟಿದರೆ ಅವರ ದಿನವನ್ನೇ ಬದುಕಬೇಕು. ಅವಳಿ ಹೆಣ್ಣುಮಕ್ಕಳು ಬೇರೆ ಬೇರೆ ಮನೆ ಸೇರಿ ಎಷ್ಟೋ ಕಾಲದ ಮೇಲೆ ಭೇಟಿಯಾದಾಗ, ಒಬ್ಬಳು ಇನ್ನೊಬ್ಬಳಿಗೆ ಚಿಕ್ಕಮ್ಮನ ಹಾಗೆ ಕಾಣುವುದೂ ಉಂಟು. ಯಾರೂ ನಗುವುದಿಲ್ಲ. ನಿಮ್ಮ ಕೋಳಿ ಚುರುಕು ಅನ್ನುತ್ತಾರೆ, ಅಷ್ಟೆ.

ಮೊಟ್ಟೆಯಾಗದ ಮನೆಯಲ್ಲಿ ಅದೇ ದಿನ. ಅದೇ ದಿನವೆಂದರೆ ಅದೇ ಸೀರೆ, ಅದೇ ಸಾರು, ಅದೇ ಕೆಲಸ, ಅದೇ ಮಾತು. ಬೆಳಗು ಬರುತ್ತದೆ, ಸಂಜೆ ಬರುತ್ತದೆ. ದಿನ ಮಾತ್ರ ಕದಲುವುದಿಲ್ಲ. ಕೋಳಿ ಪುಕ್ಕ ಉದುರಿಸುವ ಕಾಲದಲ್ಲಿ ಎಲ್ಲರ ಮನೆಯಲ್ಲೂ ಹತ್ತು ಹದಿನೈದು ಬೆಳಗು ಹೀಗೆ ನಿಲ್ಲುತ್ತದೆ. ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ.

ಬೀದಿಯ ಕೊನೆಯ ಮನೆಯಲ್ಲಿ ತಾಯಿ, ಅಕ್ಕ, ತಂಗಿ ಮೂವರೇ ಇದ್ದರು. ತಂಗಿಗೆ ಮದುವೆ ಗೊತ್ತಾಗಿತ್ತು. ತಾಂಬೂಲ ಬದಲಾಯಿಸಿಕೊಂಡಾಗಿತ್ತು. ಇನ್ನು ಹದಿನೆಂಟು ಮೊಟ್ಟೆಗೆ ಮದುವೆ ಎನ್ನುವಾಗ ಒಂದು ದಿನ ಅಕ್ಕತಂಗಿಯರು ಹಿಂದಿನ ಜಗಲಿಯ ಒರಳಿನಲ್ಲಿ ಮದುವೆಯ ಅರಿಶಿನ ಕುಟ್ಟಿದರು. ಅಂದೇ ತಾಯಿ ಮಲಗಿದಳು. ಊರಿಗೆಲ್ಲ ಹಿರಿಯಳು, ಮೊಟ್ಟೆಯ ವಿಚಾರದಲ್ಲಿ ತಕರಾರು ಬಂದರೆ ತೀರ್ಮಾನ ಹೇಳುವವಳು ಒಬ್ಬ ಮುದುಕಿ. ಅವಳನ್ನು ದಿನದಜ್ಜಿ ಅನ್ನುತ್ತಿದ್ದರು. ಅವಳು ಬಂದು ತಾಯಿಯ ಮಣಿಕಟ್ಟು ಹಿಡಿದಳು, ಕಣ್ಣಿನ ರೆಪ್ಪೆ ಎತ್ತಿ ನೋಡಿದಳು, ಅಕ್ಕನನ್ನು ಮೂಲೆಗೆ ಕರೆದು, "ನಾಳೆಯ ಮೊಟ್ಟೆ ದಾಟಲ್ಲ ಕಣವ್ವ. ಇನ್ನು ಗೂಡಿಗೆ ನೀನೇ ಕೈ ಹಾಕಬೇಕು" ಅಂದಳು.

ಮಾರನೆಯ ಬೆಳಿಗ್ಗೆ ಅಕ್ಕ ಬದುಕಿನಲ್ಲೇ ಮೊದಲ ಸಲ ಗೂಡಿಗೆ ಕೈ ಹಾಕಿದಳು. ಹುಲ್ಲು ಇತ್ತು, ಪುಕ್ಕ ಇತ್ತು. ಮೊಟ್ಟೆ ಇರಲಿಲ್ಲ.

ತಾಯಿ ಸಾಯಲಿಲ್ಲ.

ಅಕ್ಕ ಒಳಗೆ ಬಂದಾಗ ತಾಯಿ ಮಂಚದ ಮೇಲಿಂದಲೇ ಕೇಳಿದಳು, "ಇಟ್ಟಿತಾ?"

"ಇಲ್ಲಮ್ಮ."

"ಸರಿ" ಎಂದು ತಾಯಿ ಗೋಡೆಯ ಕಡೆ ತಿರುಗಿದಳು. ಬಿಸಿಲು ಕಿಟಕಿಯ ಸರಳಿಗೆ ಬಂದಾಗ ನೋವು ಬಂತು. ನೆತ್ತಿಗೆ ಬಂದಾಗ ಇನ್ನೊಮ್ಮೆ ಬಂತು. ಇಳಿಯುವಾಗ ಮತ್ತೊಮ್ಮೆ. ಮೂರು ಸಲವೂ ಅವಳು ಸೆರಗು ಕಚ್ಚಿಕೊಂಡಳು. ಹುಬ್ಬುಗಳ ನಡುವೆ ಎರಡು ಗೆರೆ ಮೂಡಿ ಅಲ್ಲೇ ನಿಂತವು.

ಮರುಬೆಳಗೂ ಮೊಟ್ಟೆ ಇರಲಿಲ್ಲ. ಇಟ್ಟಿತಾ? ಇಲ್ಲಮ್ಮ. ಸರಿ. ಸರಳಿಗೆ ಬಂದಾಗ ಒಮ್ಮೆ, ನೆತ್ತಿಗೆ ಬಂದಾಗ ಒಮ್ಮೆ, ಇಳಿಯುವಾಗ ಒಮ್ಮೆ. ಮುಂದಿನ ಬೆಳಗೂ ಅಷ್ಟೆ. ಅದರ ಮುಂದಿನದೂ ಅಷ್ಟೆ.

ಆ ದಿನದ ಕೆಲಸ ಅರಿಶಿನ ಕುಟ್ಟುವುದಾಗಿತ್ತಲ್ಲ, ಹಾಗಾಗಿ ಬೆಳಗಾದರೆ ಅರಿಶಿನ. ಕುಟ್ಟಿದ್ದನ್ನೇ ಮತ್ತೆ ಒರಳಿಗೆ ಸುರಿದು ಕುಟ್ಟಿದರು. ಅದು ಹಿಟ್ಟಾಯಿತು, ಹಿಟ್ಟಿಗಿಂತ ನುಣ್ಣಗಾಯಿತು, ಕಡೆಗೆ ಒನಕೆ ಬಿದ್ದರೆ ಹೊಗೆಯ ಹಾಗೆ ಮೇಲೇಳತೊಡಗಿತು. ಗೋಡೆ ಹಳದಿಯಾಯಿತು. ಮಂಚ, ತಟ್ಟೆ, ಅನ್ನ ಹಳದಿಯಾದವು. ಅಕ್ಕತಂಗಿಯರ ರೆಪ್ಪೆಯ ಕೂದಲಿನ ಮೇಲೂ ಹಳದಿ ಕೂತಿತು. ಮದುವೆಯ ಕಳೆ ಅಂದರೆ ಅದೇ ಬಣ್ಣ. ಆದರೆ ಆ ಮನೆಗೆ ಯಾರಾದರೂ ಬಂದರೆ ಕಾಮಾಲೆಯ ಮನೆಗೆ ಬಂದ ಹಾಗೆ ಹೆದರುತ್ತಿದ್ದರು.

ಮೊದಮೊದಲು ಅಕ್ಕನಿಗೆ ಒಂದು ಕಡೆ ಸಂತೋಷ, ಒಂದು ಕಡೆ ಸಂಕಟ. ಅಮ್ಮ ಇದ್ದಾಳೆ ಎನ್ನುವ ಸಂತೋಷ, ತಂಗಿಯ ಮದುವೆ ನಿಂತಿತಲ್ಲ ಎನ್ನುವ ಸಂಕಟ. ನೂರು ಬೆಳಗು ಕಳೆಯುವ ಹೊತ್ತಿಗೆ ಎರಡೂ ಸವೆದುಹೋದವು. ಕೈ ಕುಟ್ಟುತ್ತಿತ್ತು, ಕಾಲು ನಡೆಯುತ್ತಿತ್ತು, ಬಾಯಿ ಇಲ್ಲಮ್ಮ ಅನ್ನುತ್ತಿತ್ತು. ಒಳಗೆ ಏನೂ ಇರಲಿಲ್ಲ. ಒಂದು ಸಲ ಒನಕೆ ಹೆಬ್ಬೆರಳಿನ ಮೇಲೆ ಬಿದ್ದು ಉಗುರು ಕಿತ್ತುಬಂತು. ಅವಳು ಅದನ್ನು ಬೇರೆ ಯಾರದೋ ಬೆರಳು ಎನ್ನುವ ಹಾಗೆ ನೋಡಿ, ಬಟ್ಟೆ ಸುತ್ತಿ, ಕುಟ್ಟುವುದನ್ನು ಮುಂದುವರಿಸಿದಳು.

ಬೀದಿಯವರು ಕೈಕಟ್ಟಿ ಕೂತಿರಲಿಲ್ಲ. ಬೇರೆಯವರ ಕೋಳಿಗೆ ಬುದ್ಧಿ ಹೇಳುವುದರಲ್ಲಿ ಆ ಊರಿನವರನ್ನು ಮೀರಿಸುವವರಿಲ್ಲ. ಪಕ್ಕದ ಮನೆಯವಳು ಬೇಲಿಯ ಮೇಲಿಂದ ಕತ್ತು ಚಾಚಿ, "ಸುಣ್ಣ ಕಮ್ಮಿಯಾಗಿದೆ ಕಣವ್ವ. ಮೊಟ್ಟೆ ಚಿಪ್ಪು ಪುಡಿ ಮಾಡಿ ನುಚ್ಚಿಗೆ ಬೆರೆಸು" ಅಂದಳು. ಬೆರೆಸಿದರು. ಎದುರುಮನೆಯವನು, "ಅದು ಸುಮ್ಮನೆ ಕಾವಿಗೆ ಕೂತಿದೆ. ತಣ್ಣೀರಲ್ಲಿ ಅದ್ದಿ ಬಿಡಿ, ಕಾವು ಇಳಿಯುತ್ತೆ" ಅಂದ. ಅದ್ದಿದರು. ಗೂಡಿಗೆ ಬೆಳಕು ಸಾಲದು ಎಂದು ಯಾರೋ ಒಂದು ಹೆಂಚು ಸರಿಸಿದರು. ಹುಂಜಕ್ಕೆ ವಯಸ್ಸಾಯಿತು ಎಂದು ಯಾರೋ ಬೇರೆ ಹುಂಜ ತಂದು ಬಿಟ್ಟರು. ಅದು ಎರಡು ಬೆಳಗು ಗೋಡೆ ಹತ್ತಿ ಕೂಗಿ, ಹೇಟೆಗಳ ಮುಖ ನೋಡಿ ಬೇಸತ್ತು ತನ್ನ ಮನೆಗೆ ಹೋಯಿತು. ಮನೆಯಲ್ಲಿದ್ದದ್ದು ಮೂರು ಹೇಟೆ. ಎರಡು ಮುದಿಯಾಗಿದ್ದವು. ಭರವಸೆ ಇದ್ದದ್ದು ಕರಿಯ ಹೇಟೆಯ ಮೇಲೆ. ಅದು ತಣ್ಣೀರಿನಿಂದ ಎದ್ದು ಮೈ ಕೊಡವಿ, ಎಲ್ಲರನ್ನೂ ಒಂದು ಕಣ್ಣಿನಿಂದ ನೋಡಿ, ಮೂಲೆ ಸೇರಿತು.

ಗಂಡಿನ ತಾಯಿ ಬಂದವಳು ಒಳಗೆ ಬರಲಿಲ್ಲ, ಹೊರಗಿನ ಜಗಲಿಯ ಮೇಲೇ ಕೂತಳು. ಕೆಟ್ಟವಳಲ್ಲ. "ನಮ್ಮ ಮನೆಯಲ್ಲಿ ಹದಿನೆಂಟು ಆಗಿ ಎಷ್ಟೋ ಆಯ್ತು. ನಮ್ಮ ಹುಡುಗನ ವಯಸ್ಸು ನಿಲ್ಲಲ್ಲ ನೋಡು. ಆದ್ರೂ ಮುನ್ನೂರು ಮೊಟ್ಟೆವರೆಗೂ ಕಾಯ್ತೀವಿ. ಅದರ ಮೇಲೆ ನನ್ನನ್ನ ಕೇಳಬೇಡ" ಎಂದು ಹೇಳಿ ಹೋದಳು.

ಮದುವೆ ಗಂಡು ಮಾತ್ರ ತನ್ನ ಪ್ರತಿ ಬೆಳಿಗ್ಗೆ ಬೇಲಿಯ ಹತ್ತಿರ ಬರುತ್ತಿದ್ದ. ಹೊಲದ ಬದುವಿನ ಹುತ್ತ ಅಗೆದು, ಒಡಕು ಮಡಕೆಯಲ್ಲಿ ಗೆದ್ದಲು ತುಂಬಿಕೊಂಡು ತರುತ್ತಿದ್ದ. ಗೆದ್ದಲು ತಿಂದ ಕೋಳಿ ಮೊಟ್ಟೆ ಇಡದೆ ಇರಲಾರದು ಎಂದು ಅವನ ನಂಬಿಕೆ. ತಂಗಿ ಮಡಕೆ ಈಸಿಕೊಂಡು ಕರಿಯ ಹೇಟೆಯ ಮುಂದೆ ಬೋರಲು ಹಾಕುತ್ತಿದ್ದಳು. ಇಬ್ಬರೂ ಬೇಲಿಯ ಆಚೆ ಈಚೆ ನಿಂತು ಅದು ತಿನ್ನುವುದನ್ನೇ ನೋಡುತ್ತಿದ್ದರು. ಪ್ರೇಮದ ಮಾತು ಅಂತ ಅವರ ನಡುವೆ ನಡೆದದ್ದು ಕಡಿಮೆ.

"ನಿಮಗೆ ಕಿವಿ ಹತ್ರ ಒಂದು ಬಿಳೀ ಕೂದಲು" ಅಂದಳು ತಂಗಿ ಒಂದು ಬೆಳಿಗ್ಗೆ.

"ಇರಲಿ ಬಿಡು. ನೀನು ಬರೋ ಹೊತ್ತಿಗೆ ಜೊತೆಗೆ ಇನ್ನೆರಡು ಬರ್ತವೆ."

ತಂಗಿ ನಕ್ಕಳು. ಒರಳಿನ ಮುಂದೆ ಕೂತಿದ್ದ ಅಕ್ಕ ಆ ನಗುವನ್ನು ಕೇಳಿಸಿಕೊಂಡಳು. ಅದು ಅವಳ ತನಕ ಬರಲಿಲ್ಲ.

ಕೊನೆಗೆ ದಿನದಜ್ಜಿಯೇ ಹೇಳಿಕಳಿಸಿದಳು: ಕೋಳಿ ಮರೆತಿದೆ, ಅದಕ್ಕೆ ನೆನಪು ಮಾಡಿಕೊಡಬೇಕು, ಸುಣ್ಣದ ಮೊಟ್ಟೆ ಮಾಡಿ ಗೂಡಿನಲ್ಲಿಡಿ. ಹಳೆಯ ಪದ್ಧತಿ ಅದು. ತಂಗಿ ಸುಣ್ಣಕ್ಕೆ ಅಂಟು ಕಲಸಿ, ಅಂಗೈಯಲ್ಲಿ ಉರುಟಿ ಉರುಟಿ, ಒಣಗಿಸಿ, ಬಟ್ಟೆಯಲ್ಲಿ ಉಜ್ಜಿ ಒಂದು ಮೊಟ್ಟೆ ಮಾಡಿದಳು. ಬಹಳ ಚೆನ್ನಾಗಿ ಮಾಡಿದಳು. ಅದೇ ತಪ್ಪಾಯಿತು.

ಮರುಬೆಳಿಗ್ಗೆ ಮದುವೆ ಗಂಡು ಮಡಕೆ ಹಿಡಿದು ಬಂದಾಗ, ಸರಿಸಿದ ಹೆಂಚಿನ ಸಂದಿಯಿಂದ ಬಿಸಿಲು ಗೂಡಿನೊಳಕ್ಕೆ ಬಿದ್ದಿತ್ತು. ಬೆಳ್ಳಗೆ, ದುಂಡಗೆ ಅವನಿಗೆ ಕಂಡಿತು. ಅವನ ಕೈಯಿಂದ ಮಡಕೆ ಜಾರಿತು. ಹಕ್ಕಿಲ್ಲದಿದ್ದರೂ, ಹೊಸ್ತಿಲಿಲ್ಲದಿದ್ದರೂ, ಬೇಲಿಯ ಹತ್ತಿರ ನಿಂತೇ ಅವನು ಗಂಟಲು ಹರಿಯುವ ಹಾಗೆ ಕೂಗಿದ: "ದಿನ ಆಯಿತು!"

ಬೀದಿ ಎಷ್ಟು ಕಾಲದಿಂದ ಕಾದಿತ್ತೋ! ಕೂಗಿದ್ದು ಯಾರು ಎಂದು ನೋಡುವ ವ್ಯವಧಾನ ಯಾರಿಗಿತ್ತು? ಮನೆಮನೆಯಿಂದ, ಪ್ರೀತಿಯಿಂದ, ಒಂದೇ ದನಿಯಲ್ಲಿ ಬಂತು: "ಆಗಲಿ!"

ಅಕ್ಕ ಆಗ ತಾಯಿಗೆ ಗಂಜಿ ಕುಡಿಸುತ್ತಿದ್ದಳು. ಚಮಚ ತುಟಿಯ ಹತ್ತಿರವಿತ್ತು. ತಾಯಿಯ ಉಸಿರು ಒಳಗೆ ಹೋದದ್ದು ಹೊರಗೆ ಬಂತು, ಮತ್ತೆ ಒಳಗೆ ಹೋಗಲಿಲ್ಲ. ಹುಬ್ಬಿನ ನಡುವಿನ ಎರಡು ಗೆರೆಗಳು ಯಾರೋ ಬೆರಳಿನಿಂದ ಒರೆಸಿದ ಹಾಗೆ ಮಾಯವಾದವು. ಅಕ್ಕನ ಕೈ ಚಮಚ ಹಿಡಿದಂತೆಯೇ ನಿಂತಿತು.

ಹಿತ್ತಲಿನಿಂದ ತಂಗಿ ಚೀರುತ್ತಿದ್ದಳು, "ಅದು ಸುಣ್ಣದ್ದು! ಅದು ನಾನು ಮಾಡಿದ್ದು!"

ಆಗಿಬಿಟ್ಟ ದಿನವನ್ನು ವಾಪಸು ತೆಗೆದುಕೊಳ್ಳುವುದು ಆ ಊರಿನಲ್ಲಿ ಯಾರ ನೆನಪಿನಲ್ಲೂ ನಡೆದಿರಲಿಲ್ಲ. ದಿನದಜ್ಜಿ ಓಡೋಡಿ ಬಂದಳು. ಏಳು ಮನೆಯ ಹೆಂಗಸರನ್ನು ಮೊರ ತರಲು ಹೇಳಿದಳು. ಅವರು ಬಾಗಿಲಿನ ಹೊರಗೆ ಸಾಲಾಗಿ ನಿಂತು, ಮೊರ ತಲೆಕೆಳಗು ಮಾಡಿ ಹಿಡಿದು, ಒಬ್ಬೊಬ್ಬರಾಗಿ "ಆಗಲಿಲ್ಲ" ಅಂದರು. ಆಗಲಿಲ್ಲ. ಆಗಲಿಲ್ಲ. ಏಳನೆಯವಳು ಅಂದಾಗ ತಾಯಿಯ ಎದೆ ಮೇಲೆದ್ದಿತು. ಗೆರೆಗಳು ತಮ್ಮ ಜಾಗಕ್ಕೆ ಬಂದವು. ಬಿಸಿಲು ಕಿಟಕಿಯ ಸರಳಿಗೆ ಬಂದಿತ್ತು. ತಾಯಿ ಸೆರಗು ಕಚ್ಚಿಕೊಂಡಳು.

ಮದುವೆ ಗಂಡು ಬೀದಿಯಲ್ಲಿ ತಲೆತಗ್ಗಿಸಿ ನಿಂತಿದ್ದ. "ಅಕ್ಕ, ಆಸೆಯಲ್ಲಿ ಕೂಗಿಬಿಟ್ಟೆ" ಅಂದ.

"ಪರವಾಗಿಲ್ಲ" ಅಂದಳು ಅಕ್ಕ.

ಪರವಾಗಿಲ್ಲ ಎಂದೇ ಅವಳೂ ತಿಳಿದಳು. ಆದರೆ ಅಂದಿನಿಂದ ಗೂಡಿಗೆ ಕೈ ಹಾಕುವಾಗ ಕಣ್ಣುಗಳು ತಾವಾಗಿ ಮುಚ್ಚಿಕೊಳ್ಳತೊಡಗಿದವು. ಹುಲ್ಲು ಸಿಕ್ಕಿದರೆ ತೆರೆಯುತ್ತಿದ್ದವು. ತಾಯಿಯ ಉಸಿರು ನಿಂತದ್ದು ಮಾತ್ರ ಅವಳಿಗೆ ನೆನಪಿತ್ತು. ಗೆರೆಗಳು ಹೋದದ್ದನ್ನೂ ಅವಳು ಕಂಡಿದ್ದಳು. ಅದನ್ನು ನೆನೆಯಲು ಹೋಗಲಿಲ್ಲ.

ಗಂಡಿನ ಮನೆಯಲ್ಲಿ ಇನ್ನೂರೈವತ್ತು ಮೊಟ್ಟೆ ದಾಟಿದ ಮೇಲೆ ಒಂದು ಬೆಳಿಗ್ಗೆ ಅಕ್ಕನ ಕೈಗೆ ಬೆಚ್ಚಗಿನದೊಂದು ತಗುಲಿತು. ಸುಣ್ಣದ್ದಲ್ಲ. ಗೆದ್ದಲು ತನ್ನ ಕೆಲಸ ಮಾಡಿತ್ತು. ಕರಿಯ ಹೇಟೆ ಗೂಡಿನಿಂದ ಹೊರಗೆ ಬಂದು, ಕತ್ತು ನೀಳ ಮಾಡಿ, ಇಟ್ಟ ಕೋಳಿ ಇಡೀ ಊರಿಗೆ ಸಾರುತ್ತದಲ್ಲ ಹಾಗೆ ಕೊಕ್ಕೊಕ್ಕೊಕ್ಕೋ ಎಂದು ಶುರುಮಾಡಿತು. ಅಕ್ಕ ಎರಡೇ ಹೆಜ್ಜೆಗೆ ಒರಳು ಸೇರಿದಳು. ಒನಕೆ ಎತ್ತಿ ಕುಟ್ಟಿದಳು. ಎಂದೂ ಕುಟ್ಟದ ಹಾಗೆ, ನೆಲ ಅದುರುವ ಹಾಗೆ ಕುಟ್ಟಿದಳು. ಹೇಟೆ ಸುಸ್ತಾಗಿ ಬಾಯಿ ಮುಚ್ಚುವವರೆಗೆ ಕುಟ್ಟಿದಳು. ಬೀದಿಯವರು, ಪಾಪ, ಇನ್ನೂ ಅದೇ ದಿನ ಎಂದುಕೊಂಡರು.

ಮೊಟ್ಟೆಯನ್ನು ಅವಳು ಅಡುಗೆಮನೆಯ ಮೂಲೆಯಲ್ಲಿದ್ದ ಹೊಟ್ಟಿನ ಗುಡಾಣದಲ್ಲಿ ಮೊಣಕೈವರೆಗೆ ಕೈ ಇಳಿಸಿ ಹೂತಳು. ಹೊಸ್ತಿಲಿಗೆ ಬಾರದ ಮೊಟ್ಟೆ ಮೊಟ್ಟೆಯೇ ಅಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಒಳಗೆ ಹೋದಳು.

"ಇಟ್ಟಿತಾ?"

"ಇಲ್ಲಮ್ಮ."

"ಸರಿ."

ಕರಿಯ ಹೇಟೆ ಒಮ್ಮೊಮ್ಮೆ ಒಂದು ಬೆಳಗು ಬಿಟ್ಟರೂ ಮತ್ತೆ ಇಡುತ್ತಿತ್ತು. ಅಕ್ಕ ತೆಗೆಯುತ್ತಿದ್ದಳು, ಕುಟ್ಟುತ್ತಿದ್ದಳು, ಹೂಳುತ್ತಿದ್ದಳು, ಇಲ್ಲಮ್ಮ ಅನ್ನುತ್ತಿದ್ದಳು. ಬೇಲಿಯ ಹತ್ತಿರ ಖಾಲಿ ಮಡಕೆ ಹಿಡಿದು ನಿಂತ ತಂಗಿಯನ್ನು ನೋಡುತ್ತಿದ್ದಳು. ತಾನು ಅವಳಿಂದ ಏನನ್ನು ಕಿತ್ತುಕೊಳ್ಳುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿರುವುದು ಬೇರೆ, ತಟ್ಟುವುದು ಬೇರೆ. ಅವಳಿಗೆ ಏನೂ ತಟ್ಟುತ್ತಿರಲಿಲ್ಲ. ಮದುವೆ ಗಂಡಿನ ಕಿವಿಯ ಹತ್ತಿರ ಬಿಳಿ ಕೂದಲು ಎಣಿಸಲಾರದಷ್ಟಾದವು.

ಒಂದು ಸಂಜೆ ಗಂಡಿನ ತಾಯಿ ಮತ್ತೆ ಬಂದು ಜಗಲಿಯ ಮೇಲೆ ಕೂತಳು. ಆಮೇಲೆ, "ಇವತ್ತಿಗೆ ನಮ್ಮನೇಲಿ ಮುನ್ನೂರು ಆಯ್ತು ಕಣ್ರವ್ವ. ನಾಳೆ ನಮ್ಮ ಕೋಳಿ ಇಡೋದರೊಳಗೆ ನಿಮ್ಮದು ಹದಿನೆಂಟು ಆಗಬೇಕು. ಆಗಲ್ಲ ಅಂತ ನನಗೂ ಗೊತ್ತು. ನಾಳೆ ಬಂದು ತಾಂಬೂಲ ವಾಪಸ್ ತಗೊಂಡು ಹೋಗ್ತೀನಿ. ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ" ಅಂದಳು.

"ಸರಿ ಅತ್ತೆ" ಅಂದಳು ತಂಗಿ. ಆಮೇಲೆ, "ಸರಿ ಅಮ್ಮ" ಅಂದಳು.

ಅವಳು ಅಳಲಿಲ್ಲ. ಎದ್ದು ಹೋಗಿ ತಾಂಬೂಲದ ತಟ್ಟೆಯನ್ನು ಅಟ್ಟದಿಂದ ಇಳಿಸಿ, ಅದರ ಮೇಲಿನ ಹಳದಿ ಧೂಳು ಒರೆಸಿ, ಬಾಗಿಲ ಪಕ್ಕ ಇಟ್ಟಳು.

ಮರುಬೆಳಿಗ್ಗೆ ಅಕ್ಕ ಗೂಡಿಗೆ ಕೈ ಹಾಕಿದಳು. ಬೆಚ್ಚಗಿತ್ತು. ತೆಗೆದಳು. ಕರಿಯ ಹೇಟೆ ಹೊರಗೆ ಬಂದು ಕತ್ತು ನೀಳ ಮಾಡಿತು. ಅಕ್ಕ ಒರಳಿನ ಕಡೆ ತಿರುಗಿದಳು.

ಒರಳಿನ ಮುಂದೆ ತಂಗಿ ನಿಂತಿದ್ದಳು. ಒನಕೆ ಅವಳ ಕೈಯಲ್ಲಿತ್ತು.

"ನೀನು ಇಟ್ಟು ಬಾ ಅಕ್ಕ. ನಾನು ಕುಟ್ತೀನಿ" ಅಂದಳು.

"ಏನು ಇಡಲಿ? ಎಲ್ಲಿ?"

"ಯಾವಾಗಲೂ ಎಲ್ಲಿ ಇಡ್ತೀಯೋ ಅಲ್ಲಿ."

ಹೇಟೆ ಕೂಗತೊಡಗಿತು. ತಂಗಿ ಕುಟ್ಟತೊಡಗಿದಳು. ಎಲ್ಲಿ ಜೋರಾಗಿ ಬೀಳಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಲ್ಲವೂ ಅವಳಿಗೆ ಗೊತ್ತಿತ್ತು. ಒಂದು ಕೊಕ್ಕೋ ಕೂಡ ಬೇಲಿ ದಾಟಲಿಲ್ಲ. ಹೇಟೆ ಸುಮ್ಮನಾದ ಮೇಲೆ ಅವಳು ಒನಕೆ ಗೋಡೆಗೆ ಒರಗಿಸಿದಳು.

"ಯಾವಾಗಿಂದ ಗೊತ್ತು ನಿಂಗೆ?"

"ಏಳನೇದೋ ಎಂಟನೇದೋ ಇರಬೇಕು."

"ಹೇಳಬಾರದಾಗಿತ್ತಾ?"

"ಹೇಳಿದ್ರೆ ಅಮ್ಮನ್ನ ನಾನೇ ಕಳಿಸಿದ ಹಾಗೆ. ಹೇಳದೆ ಇದ್ರೆ ಬೆಳಗಾದ್ರೆ ಅಮ್ಮ ಮೂರು ಸಲ ಸೆರಗು ಕಚ್ಕೋಬೇಕು. ಎರಡೂ ನನ್ನ ಕೈಲಿ ಆಗಲಿಲ್ಲ. ಅದಕ್ಕೆ ಸುಮ್ಮನಿದ್ದೆ."

"ನಿನ್ನ ಮದುವೆ ಕಣೇ..."

"ಬಿಡು ಅಕ್ಕ. ಇವತ್ತಿಗೆ ಅದೊಂದು ಮುಗಿಯುತ್ತೆ. ಆಮೇಲೆ ನಾವು ಮೂರು ಜನ ಹೀಗೇ ಇದ್ದುಬಿಡಬಹುದು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಅಕ್ಕನಿಗೆ ಅದು ತನ್ನದೇ ದನಿ ಎಂದು ಗೊತ್ತಾಯಿತು. ಎಷ್ಟು ಕಾಲದಿಂದಲೋ ತನ್ನ ಬಾಯಿಂದ ಬರುತ್ತಿದ್ದ ಆ ಸತ್ತ ದನಿ ಈಗ ಅವಳ ಬಾಯಿಂದ, ಇನ್ನೂ ಹೆಣ್ಣಾಗಿ ಬದುಕದವಳ ಬಾಯಿಂದ ಬರುತ್ತಿತ್ತು. ಅಕ್ಕನಿಗೆ ಭಯವಾಯಿತು. ಬಹಳ ಬೆಳಗುಗಳ ಮೇಲೆ ಅವಳಿಗೆ ಆದದ್ದು ಅದೊಂದೇ.

ಮೊಟ್ಟೆ ಕೈಯಲ್ಲೇ ಹಿಡಿದು ಅವಳು ತಾಯಿಯ ಹತ್ತಿರ ಹೋದಳು.

"ಇಟ್ಟಿತಾ?"

"ಇಟ್ಟಿತಮ್ಮ."

ತಾಯಿ ಅವಳನ್ನೇ ನೋಡಿದಳು. ಆಶ್ಚರ್ಯಪಡಲಿಲ್ಲ. "ಎಷ್ಟು?" ಅಂದಳು.

"ಮೂವತ್ತೆಂಟು."

"ಒಬ್ಬಳೇ ಹೊತ್ಕೊಂಡು ಕೂತೆಯಲ್ಲೇ" ಎಂದು ತಾಯಿ ಅವಳ ಹಳದಿ ಕೈಯನ್ನು ಹಿಡಿದಳು. ಸ್ವಲ್ಪ ಹೊತ್ತು ಹಿಡಿದಿದ್ದು ಬಿಟ್ಟಳು. "ಹೋಗು. ಬಾಗಿಲಿಗೆ ಇಡು. ಬಿಸಿಲು ಸರಳಿಗೆ ಬರೋದರೊಳಗೆ ಇಡು."

ಅಕ್ಕ ಗುಡಾಣವನ್ನು ಬೋರಲು ಹಾಕಿ, ಹೊಟ್ಟಿನಿಂದ ಆರಿಸಿ ಆರಿಸಿ ಬುಟ್ಟಿ ತುಂಬಿದಳು. ಹಳೆಯವು ಹಗುರವಾಗಿದ್ದವು. ಎಲ್ಲದರ ಮೇಲೂ ಅವಳ ಬೆರಳಿನ ಹಳದಿ ಗುರುತು. ಬುಟ್ಟಿ ಹೊತ್ತು ಹೊಸ್ತಿಲಿಗೆ ಬಂದಾಗ ಎದುರಿನ ಜಗಲಿಯಲ್ಲಿ ದಿನದಜ್ಜಿ ಕೂತಿದ್ದಳು. ಬುಟ್ಟಿಯನ್ನು ನೋಡಿ ಎದ್ದು ಬಂದಳು. ಬೈಯಲಿಲ್ಲ.

"ನೋಡವ್ವ, ಇವತ್ತಿನದು ಒಂದೇ ಇಟ್ಟರೂ ನಡೆಯುತ್ತೆ. ಆಗ ತಾಯಿ ಪಕ್ಕ ಕೂರೋಕೆ ನಿನಗೆ ಇವತ್ತು ಸಿಗುತ್ತೆ. ತೊಳೆಯೋಕೆ, ಹೊರಿಸೋಕೆ, ಅಳೋಕೆ ಒಂದೊಂದು ದಿನ ಸಿಗುತ್ತೆ. ಬಚ್ಚಿಟ್ಟಿದ್ದನ್ನ ಮುಟ್ಟಿದೆಯೋ, ಪೂರ್ತಿ ಇಡಬೇಕು. ನಡುವೆ ನಿಲ್ಲಿಸೋ ಹಾಗಿಲ್ಲ, ತಿರುಗೋ ಹಾಗಿಲ್ಲ. ಎಲ್ಲ ದಿನ ಒಂದರ ಬೆನ್ನಿಗೆ ಒಂದು ಆಗಿಹೋಗ್ತವೆ. ನಿನಗೆ ಒಂದೂ ಸಿಗಲ್ಲ."

"ಹದಿನೆಂಟಕ್ಕೆ ಅವಳ ಮದುವೆ ಅಜ್ಜಿ."

"ಗೊತ್ತು."

"ಇಡ್ತೀನಿ" ಅಂದಳು ಅಕ್ಕ.

ಬೀದಿಗೆ ಮುಖ ಮಾಡಿ ನಿಂತಳು. ಮೊದಲನೆಯದನ್ನು ಹೊಸ್ತಿಲ ಮೇಲಿಟ್ಟಳು.

"ದಿನ ಆಯಿತು."

"ಆಗಲಿ" ಅಂದಿತು ಬೀದಿ.

ಹಿಂದೆ ಒಂದು ಉಸಿರು ಹೊರಗೆ ಬಂತು. "ಅಮ್ಮಾ" ಎಂದು ತಂಗಿ ಕೂಗಿದಳು. ಅಕ್ಕನ ಕತ್ತು ತಾನೇ ತಾನಾಗಿ ತಿರುಗಲು ಹೋಯಿತು. ಅವಳು ಬಾಗಿ ಎರಡನೆಯದನ್ನು ಎತ್ತಿಕೊಂಡಳು. ದಿನ ಆಯಿತು. ಆಗಲಿ. ಪಕ್ಕದ ಮನೆಯವಳು ಸೆರಗು ಸಿಕ್ಕಿಸಿಕೊಂಡು ಅವಳನ್ನು ದಾಟಿ ಒಳಗೆ ಹೋದಳು. ನೀರು ಸುರಿಯುವ ಸದ್ದು ಕೇಳಿತು. ದಿನ ಆಯಿತು. ಗಂಡಸರು ಬಂದರು, ಹೋದರು. ಅವರ ಹೆಗಲ ಮೇಲೆ ತಾಯಿ ಅವಳ ಭುಜ ಸವರುವಷ್ಟು ಹತ್ತಿರದಿಂದ ಹೊರಗೆ ಹೋದಳು. ಕಂಡದ್ದು ಪಾದ ಮಾತ್ರ. ಅಂಗಾಲು ಹಳದಿಯಾಗಿತ್ತು. ಆಗಲಿ. ದಿನ ಆಯಿತು. ಹಾಲು ತುಪ್ಪ ಬಿಟ್ಟು ಬಂದವರು ಕಾಲು ತೊಳೆದುಕೊಂಡರು. ಹನ್ನೊಂದನೆಯದಕ್ಕೆ ಎಡೆಯ ವಾಸನೆ ಬಂತು, ಎಲೆ ಎತ್ತಿದರು. ಹದಿಮೂರಕ್ಕೆ ಯಾರೋ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಹದಿನೈದಕ್ಕೆ ಅವಳ ಮೊಣಕೈಗೆ ತಾಗುವಂತೆ ಚಪ್ಪರದ ಕಂಬ ನೆಟ್ಟರು. ಹದಿನೆಂಟಕ್ಕೆ ವಾಲಗ ಊದಿತು. ಬಾಸಿಂಗ ಕಟ್ಟಿದ ಮದುವೆ ಗಂಡು ಒಳಗೆ ಹೋಗುವಾಗ ಒಂದು ಕ್ಷಣ ಅವಳ ಎದುರು ನಿಂತ. ಏನೋ ಹೇಳಲು ಹೊರಟ. ಅವಳು ಮೊಟ್ಟೆ ಇಟ್ಟು ದಿನ ಆಯಿತು ಅಂದಳು. ಅವನು ತಲೆಬಾಗಿ ಒಳಗೆ ಹೋದ. ಅಕ್ಷತೆಯ ಕಾಳು ಅವಳ ಬೆನ್ನಿಗೆ ಬಂದು ಬಿದ್ದವು. ತಂಗಿಯ ಮದುವೆ ಆಯಿತೆಂದು ಅವಳಿಗೆ ತಿಳಿದದ್ದು ಹಾಗೆ.

ಹತ್ತೊಂಬತ್ತಕ್ಕೆ ತಂಗಿ ಹೊರಟಳು. ಅಕ್ಕನ ಮುಂದೆ ಬಂದು ಕಾಲು ಮುಟ್ಟಿದಳು. ಕೈ ತುಂಬ ಬಳೆ. ಮುಖದಲ್ಲಿ ನಗುವೂ ಇತ್ತು, ಅಳುವೂ ಇತ್ತು, ದಣಿವೂ ಇತ್ತು; ಬದುಕಿರುವವರ ಮುಖ.

"ಹೋಗಿ ಬರ್ತೀನಿ ಅಕ್ಕ."

ಅಕ್ಕನಿಗೆ ಹೇಳಲು ಎಷ್ಟೋ ಇತ್ತು. ತುಟಿ ತೆರೆಯಿತು.

"ದಿನ ಆಯಿತು" ಅಂದಳು.

ತಂಗಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ಬೀದಿಗೆ ಇಳಿದಳು. ಬೀದಿಯಲ್ಲಿ ನಿಂತು, ಬೇರೆ ಮನೆಯವಳಾಗಿ, "ಆಗಲಿ" ಅಂದಳು. ಗಂಡಿನವರು ಅವಳನ್ನು ಕರೆದುಕೊಂಡು ಹೋದರು.

ಉಳಿದ ದಿನಗಳಲ್ಲಿ ಏನೂ ಇರಲಿಲ್ಲ. ಪಕ್ಕದಲ್ಲಿ ಚಪ್ಪರ ಬಿಚ್ಚಿದರು, ಹಿಂದೆ ಪಾತ್ರೆ ತೊಳೆದರು, ನೆಂಟರು ಒಬ್ಬೊಬ್ಬರಾಗಿ ಅವಳನ್ನು ದಾಟಿ ಹೋದರು. ಆಮೇಲೆ ಸದ್ದೂ ಇಲ್ಲ. ಅವಳು ಬಾಗುತ್ತಿದ್ದಳು, ಇಡುತ್ತಿದ್ದಳು, ಹೇಳುತ್ತಿದ್ದಳು. ಬೀದಿಯ ದನಿಯೂ ಬಳಲಿತ್ತು. ಬುಟ್ಟಿಯಲ್ಲಿ ಇನ್ನೊಂದೇ ಉಳಿದಿದ್ದಾಗ ಅದನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದಿದ್ದಳು. ಅಂದು ಬೆಳಿಗ್ಗೆ ತೆಗೆದದ್ದು ಅದು, ಇನ್ನೂ ಬೆಚ್ಚಗಿತ್ತು. ಇಟ್ಟಳು.

"ದಿನ ಆಯಿತು."

"ಆಗಲಿ."

ಅವಳು ತಿರುಗಿದಳು.

ಮನೆ ಗುಡಿಸಿಯಾಗಿತ್ತು. ಗೋಡೆ ಬೆಳ್ಳಗಿತ್ತು, ಹಳದಿ ಎಲ್ಲೂ ಇರಲಿಲ್ಲ. ಅಮ್ಮನ ಮಂಚವನ್ನು ತೊಳೆದು ಗೋಡೆಗೆ ಒರಗಿಸಿದ್ದರು. ಅದು ಒಣಗಿ ಎಷ್ಟೋ ಕಾಲವಾಗಿತ್ತು. ಅವಳು ಮಂಚದ ಪಟ್ಟಿಗೆ ಮೂಗು ಹಚ್ಚಿ ನೋಡಿದಳು. ಸೀಗೆಪುಡಿಯ ವಾಸನೆ ಇತ್ತು, ಬಿಸಿಲಿನ ವಾಸನೆ ಇತ್ತು. ಅಳಬೇಕೆಂದು ಮಂಚದ ಪಕ್ಕ ನೆಲದ ಮೇಲೆ ಕೂತಳು. ಅಳು ಬರಲಿಲ್ಲ.

ಅಡುಗೆಮನೆಯಿಂದ ಪಕ್ಕದ ಮನೆಯವಳು ಬಂದಳು. ಸಾವಿಗೆ ಬಂದವಳು ಮದುವೆಗೂ ಉಳಿದುಕೊಂಡು, ಎಲ್ಲ ಎತ್ತಿಟ್ಟು, ಈಗ ತನ್ನ ಮನೆಗೆ ಹೊರಟಿದ್ದಳು. ಅಕ್ಕ ಅವಳ ಸೆರಗು ಹಿಡಿದಳು.

"ಅಮ್ಮನಿಗೆ ನೀರು ಹಾಕುವಾಗ ನೀನಿದ್ದೆಯಲ್ಲ ಅತ್ತಿಗೆ. ಮುಖ ಹೇಗಿತ್ತು?"

ಪಕ್ಕದ ಮನೆಯವಳು ನಿಂತಳು. ನೆನಪು ಮಾಡಿಕೊಳ್ಳಲು ನಿಜವಾಗಿಯೂ ಪ್ರಯತ್ನಪಟ್ಟಳು.

"ಚೆನ್ನಾಗಿತ್ತು ಅನ್ಸುತ್ತೆ ಕಣವ್ವ" ಅಂದಳು. "ಸರಿಯಾಗಿ ಜ್ಞಾಪಕಕ್ಕೆ ಬರ್ತಿಲ್ಲ. ಎಷ್ಟು ದಿನ ಆಗಿಹೋಯ್ತು ನೋಡು."